ಗೇಣಿ ಅಳೆಯುವ ಅಂಗಳದ ಇಬ್ಬರಿಗೆ ಸರಿಯಾದ ಇಂಗ್ಲಿಷ್ ಪದ ಬೇಕು

ಅಂಕೋಲೆ ಓದುಗಿ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಸ್ವಲ್ಪ ಸಹಾಯ ಮಾಡಿ.

ನಾನು ಕಾರವಾರದಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮ ಕಡೆಯ ಗೇಣಿ ಪದ್ಧತಿ ಬಗ್ಗೆ, ಮನೆಯವರ ನೆನಪು ಇಟ್ಟುಕೊಂಡು ಒಂದು ಪ್ರಬಂಧ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲೇ ಬರೆಯಬೇಕು, ಸೆಮಿನಾರಿನಲ್ಲಿ ಎದ್ದು ನಿಂತು ಓದಲೂ ಬೇಕು. ಕನ್ನಡದಲ್ಲಾದರೆ ಒಂದೇ ರಾತ್ರಿಗೆ ಬರೆದು ಮುಗಿಸುತ್ತಿದ್ದೆ. ಈಗ ಇಬ್ಬರು ಮನುಷ್ಯರ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಅಜ್ಜಿ ಹೇಳಿದ್ದು ಇದು. ಸುಗ್ಗಿ ಆದ ಮೇಲೆ ಒಡೇರ, ಅಂದರೆ ಜಮೀನಿನ ಯಜಮಾನರ, ಮನೆ ಅಂಗಳದಲ್ಲಿ ಗೇಣಿ ಭತ್ತ ಅಳೆಯುತ್ತಿದ್ದರು. ಮುತ್ತಜ್ಜ, ಅಂದರೆ ಅಜ್ಜಿಯ ಮಾವ, ಅಂಗಳಕ್ಕೆ ಕಾಲಿಡುವ ಮೊದಲೇ ಹೆಗಲ ಮೇಲಿನ ವಸ್ತ್ರ ತೆಗೆದು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಜಗಲಿಯ ಕೆಳಗೆ, ಬೆನ್ನು ಸ್ವಲ್ಪ ಬಗ್ಗಿಸಿ, ಕೊನೆಯ ಕೊಳಗ ಅಳೆದು ಮುಗಿಯುವ ತನಕ ನಿಂತೇ ಇರುತ್ತಿದ್ದರು. ಕೊಳಗಕ್ಕೆ ಭತ್ತ ರಾಶಿ ಏರುತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಲೆಕ್ಕ ಮಾತ್ರ ಬೆರಳಲ್ಲಿ ಹಿಡಿಯುತ್ತಿದ್ದರಂತೆ.

ಇನ್ನೊಬ್ಬ ಮನುಷ್ಯ ಒಡೇರ ಕಾರಭಾರಿ, ಅವರ ವ್ಯವಹಾರ ನೋಡಿಕೊಳ್ಳುವವನು. ಅವನಿಗೂ ಸ್ವಂತ ಜಮೀನು ಇರಲಿಲ್ಲ. ಆದರೆ ನಿಲ್ಲುತ್ತಿದ್ದದ್ದು ಜಗಲಿಯ ಮೆಟ್ಟಿಲ ಮೇಲೆ. ಒಡೇರ ಮಾತು ಮುಗಿಯುವ ಮೊದಲೇ ನಗುತ್ತಿದ್ದ. ಒಡೇರು ‘ಈ ಸಲ ಭತ್ತ ಜೊಳ್ಳು’ ಅಂದರೆ ಅವನು ಮುಷ್ಟಿಯಲ್ಲಿ ತೆಗೆದು ಊದಿ, ‘ಹೌದು ಹೌದು, ಪೂರಾ ಜೊಳ್ಳು’ ಅನ್ನುತ್ತಿದ್ದ. ಆಮೇಲೆ ಇನ್ನೆರಡು ಕೊಳಗ ಜಾಸ್ತಿ ಹಾಕಿಸುತ್ತಿದ್ದ.

ಮೊಬೈಲ್ ನಿಘಂಟಿನಲ್ಲಿ ಹುಡುಕಿದರೆ ಒಂದು ಮೂಟೆ ಪದ ಬಂತು. ಸರ್ವೈಲ್, ಅಬ್ಸೀಕ್ವಿಯಸ್, ಫಾನಿಂಗ್, ಗ್ರಾವೆಲಿಂಗ್, ಕ್ರಿಂಜಿಂಗ್, ಸಿಕಫಂಟ್, ಟೋಡಿ. ಕನ್ನಡದಲ್ಲಿ ಎಲ್ಲಕ್ಕೂ ಸುತ್ತಿ ಬಳಸಿ ಅದೇ ಎರಡು ಅರ್ಥ: ಗುಲಾಮಗಿರಿಯ, ಹೊಗಳುಭಟ್ಟ. ಓದಿದ ಗೆಳತಿಯರು ‘ಎಲ್ಲಾ ಒಂದೇ, ಯಾವುದಾದರೂ ಹಾಕು’ ಅಂದರು. ನನಗೆ ಒಂದೇ ಅನ್ನಿಸುತ್ತಿಲ್ಲ. ಮುತ್ತಜ್ಜನಿಗೂ ಆ ಕಾರಭಾರಿಗೂ ಒಂದೇ ಪದ ಹಾಕಲು ನನಗೆ ಕೈ ಬರುವುದಿಲ್ಲ.

ಇನ್ನೊಂದು ವಿಷಯ. ಮನೆಯಲ್ಲಿ ಮುತ್ತಜ್ಜನ ಹೆಸರಲ್ಲಿ ಕಲೆಕ್ಟರಿಗೆ ಕೊಟ್ಟ ಒಂದು ಹಳೇ ಇಂಗ್ಲಿಷ್ ಅರ್ಜಿಯ ನಕಲು ಇದೆ. ಸ್ವಾತಂತ್ರ್ಯಕ್ಕೂ ಮುಂಚಿನದು. ಕೊನೆಯಲ್ಲಿ ‘ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್’ ಅಂತ ಇದೆ, ಅದರ ಕೆಳಗೆ ಹೆಬ್ಬೆಟ್ಟು. ಇದನ್ನು ಗುಲಾಮಗಿರಿಯ ಗುರುತು ಅಂತ ಬರೆಯಬಹುದಾ?

ಕಾಳಿ ದಂಡೆ

ತಂಗಿ, ನಾನು ಇಂಗ್ಲಿಷ್ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನಿಮಗೆ ಒಂದೇ ಅನ್ನಿಸದೇ ಇರುವುದು ಸರಿಯಾಗಿಯೇ ಇದೆ. ಅದನ್ನು ಬಿಡಬೇಡಿ. ಇಂಗ್ಲಿಷಿನವರಿಗೂ ಇವು ಒಂದೇ ಅಲ್ಲ.

ಮೊದಲು ಸಿಕಫಂಟ್. ಈ ಪದಕ್ಕೆ ಲಾಭದ ಆಸೆ ಬೇಕೇ ಬೇಕು. ದೊಡ್ಡವನನ್ನು ಹೊಗಳಿ ತನಗೇನೋ ಗಿಟ್ಟಿಸಿಕೊಳ್ಳುವವನು ಮಾತ್ರ ಸಿಕಫಂಟ್. ಪದ ಹುಟ್ಟಿದ್ದು ಹಳೇ ಗ್ರೀಸಿನಲ್ಲಿ. ಸಿಕೊನ್ ಅಂದರೆ ಅಂಜೂರ, ಫೈನೈನ್ ಅಂದರೆ ತೋರಿಸು. ‘ಅಂಜೂರ ತೋರಿಸುವವ’ ಅನ್ನುವ ಹೆಸರು ಯಾಕೆ ಬಂತು ಅನ್ನುವುದಕ್ಕೆ ಪ್ಲುಟಾರ್ಕ್ ಒಂದು ಕಥೆ ಹೇಳುತ್ತಾನೆ. ಅಥೆನ್ಸಿನಿಂದ ಅಂಜೂರ ಹೊರಗೆ ಸಾಗಿಸುವುದಕ್ಕೆ ನಿಷೇಧ ಇತ್ತಂತೆ, ಕದ್ದು ಸಾಗಿಸುವವರನ್ನು ಹಿಡಿದುಕೊಡುವವರಿಗೆ ಈ ಹೆಸರು ಬಂತಂತೆ. ಈಗಿನ ವಿದ್ವಾಂಸರು ಈ ಕಥೆಯನ್ನು ಅಷ್ಟಾಗಿ ಒಪ್ಪುವುದಿಲ್ಲ. ಆದರೆ ಅಥೆನ್ಸಿನಲ್ಲಿ ಆ ಪದಕ್ಕಿದ್ದ ಅರ್ಥ ಖಚಿತ. ಅಲ್ಲಿ ಸರ್ಕಾರಿ ವಕೀಲರು ಇರಲಿಲ್ಲ, ಯಾವ ನಾಗರಿಕ ಬೇಕಾದರೂ ಇನ್ನೊಬ್ಬನ ಮೇಲೆ ಕೇಸು ಹಾಕಬಹುದಿತ್ತು. ಸುಳ್ಳು ದೂರು ಕೊಟ್ಟು, ಹೆದರಿಸಿ, ದುಡ್ಡು ಕೀಳುವುದನ್ನೇ ಕಸುಬು ಮಾಡಿಕೊಂಡವರಿದ್ದರು. ಅವರೇ ಸಿಕಫಂಟರು. ಗ್ರೀಕಿನಲ್ಲಿ ಇವತ್ತಿಗೂ ಅದಕ್ಕೆ ಚಾಡಿಕೋರ ಅನ್ನುವ ಅರ್ಥವೇ ಇದೆ. ಇಂಗ್ಲಿಷಿಗೆ 16ನೇ ಶತಮಾನದಲ್ಲಿ ಬಂದಾಗಲೂ ಮೊದಲು ಚಾಡಿ ಹೇಳುವವನೇ ಆಗಿದ್ದ, ಆಮೇಲೆ ಹೊಗಳುಭಟ್ಟನಾದ. ಚಾಡಿ ಹೇಳುವವನೂ ಹೊಗಳುವವನೂ ಒಂದೇ ಬಾಗಿಲಲ್ಲಿ ನಿಲ್ಲುವವರು, ಅಲ್ವಾ? ನಿಮ್ಮ ಕಾರಭಾರಿಯ ಹತ್ತಿರ ಎರಡೂ ಇದೆ. ಒಡೇರ ಕಿವಿಗೆ ಇಂಪಾಗಿ ಮಾತಾಡುತ್ತಾನೆ, ಅದೇ ಮಾತಿನಲ್ಲಿ ಒಕ್ಕಲಿನ ಭತ್ತ ಜೊಳ್ಳು ಅಂತ ದೂರುತ್ತಾನೆ. ಅವನಿಗೆ ಈ ಪದ ಸಲ್ಲುತ್ತದೆ.

ಅಬ್ಸೀಕ್ವಿಯಸ್ ಅನ್ನುವುದು ನಡವಳಿಕೆಯ ಪದ. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ‘ಹಿಂದೆ ಹೋಗು, ಹೇಳಿದ ಹಾಗೆ ಕೇಳು’ ಅನ್ನುವ ಅರ್ಥ. ಮೊದಲು ಇದು ಬೈಗುಳ ಆಗಿರಲಿಲ್ಲ. ವಿಧೇಯ ಮಗನಿಗೂ ವಿಧೇಯ ಆಳಿಗೂ ಹೇಳುತ್ತಿದ್ದರು. ಈಗ ಅತಿಯಾಯಿತು ಅನ್ನುವ ಅರ್ಥ ಮಾತ್ರ ಉಳಿದಿದೆ. ಬೇಡ ಅಂದರೂ ಕುರ್ಚಿ ಎಳೆಯುವುದು, ಕೇಳದೇ ಬಾಗಿಲು ತೆರೆಯುವುದು, ಎರಡು ಮಾತಿಗೊಂದು ‘ಆಗಬಹುದು ಸಾಹೇಬ್ರೆ’ ಅನ್ನುವುದು. ಕೈ ಹೊಸಕುವುದು, ಹಲ್ಲು ಗಿಂಜುವುದು ಅಂತ ನಾವು ಹೇಳುತ್ತೇವಲ್ಲ, ಅದಕ್ಕೆ ಇದು ತೀರಾ ಹತ್ತಿರ.

ಮುತ್ತಜ್ಜನಿಗೆ ಇವೆರಡೂ ಬೇಡ. ಅವರು ಹೊಗಳಲಿಲ್ಲ. ಹಲ್ಲು ಗಿಂಜಲಿಲ್ಲ. ಬಾಯಿ ಮುಚ್ಚಿ ಲೆಕ್ಕ ಹಿಡಿದರು.

ಸರ್ವೈಲ್ ಕೂಡ ಬೇಡ ಅನ್ನುತ್ತೇನೆ. ಲ್ಯಾಟಿನ್ನಿನಲ್ಲಿ ಸರ್ವುಸ್ ಅಂದರೆ ಗುಲಾಮ. ಆದರೆ ಇಂಗ್ಲಿಷಿನಲ್ಲಿ ಒಬ್ಬನನ್ನು ಸರ್ವೈಲ್ ಅಂದರೆ ಅವನ ಬೆನ್ನಿನ ಬಗ್ಗೆ ಅಲ್ಲ, ಮನಸ್ಸಿನ ಬಗ್ಗೆ ತೀರ್ಪು ಕೊಟ್ಟ ಹಾಗೆ. ಇವನ ಸ್ವಭಾವವೇ ಗುಲಾಮರದ್ದು, ಇವನಿಗೆ ಮಾನ ಇಲ್ಲ ಅಂದ ಹಾಗೆ. ಅದನ್ನು ಹೇಳುವುದಕ್ಕೆ ನಿಮ್ಮ ಹತ್ತಿರ ಆಧಾರ ಏನಿದೆ? ಡೆಫರೆನ್ಷಿಯಲ್ ಅಂತ ಬರೆಯಿರಿ. ಹಿರಿಯರ ಎದುರು, ಅಧಿಕಾರದ ಎದುರು ತಗ್ಗಿ ನಡೆಯುವುದು ಅಷ್ಟೇ ಅದರ ಅರ್ಥ. ಅದರಲ್ಲಿ ಬೈಗುಳ ಇಲ್ಲ.

ಅಘನಾಶಿನಿ

ಮಾಸ್ತರ್ರೆ, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಡೆಫರೆನ್ಷಿಯಲ್ ನನಗೆ ಒಪ್ಪಿಗೆ ಇಲ್ಲ. ಅದು ಮನಸ್ಸಿನಿಂದ ಕೊಡುವ ಮರ್ಯಾದೆ. ನಾವು ಶಿರಸಿಯಲ್ಲಿ ಶಾಲೆಗೆ ಹೋಗುವಾಗ ಅಕ್ಕೋರು, ಅಂದರೆ ಟೀಚರ್, ಎದುರು ಬಂದರೆ ಸೈಕಲ್ ಇಳಿದು ನಿಲ್ಲುತ್ತಿದ್ದೆವು. ಅದು ಡೆಫರೆನ್ಸ್. ಇಳಿಯದಿದ್ದರೂ ಅಕ್ಕೋರು ನಮ್ಮ ಮನೆಯ ಗದ್ದೆ ಬಿಡಿಸುತ್ತಿರಲಿಲ್ಲ. ಈ ಅಕ್ಕನ ಮುತ್ತಜ್ಜ ವಸ್ತ್ರ ಕಂಕುಳಿಗೆ ಸಿಕ್ಕಿಸಿಕೊಳ್ಳದೇ ಹೋಗಿದ್ದರೆ ಮುಂದಿನ ಮಳೆಗಾಲಕ್ಕೆ ಗದ್ದೆ ಬೇರೆಯವರ ಕೈಗೆ ಹೋಗುತ್ತಿತ್ತು. ಬರವಣಿಗೆಯಲ್ಲಿ ಗೇಣಿ ಚೀಟಿಯೇ ಇಲ್ಲದ ಕಾಲದಲ್ಲಿ ಒಕ್ಕಲಿನವ ಏನು ಹೇಳಿಯಾನು? ಹೆದರಿಕೆಯನ್ನು ಗೌರವ ಅಂತ ಬರೆದರೆ ಒಡೇರಿಗೆ ಒಳ್ಳೇ ಹೆಸರು ಕೊಟ್ಟಂತೆ ಆಗುತ್ತದೆ.

ಇದು ಸುಮ್ನೆ ಪದದ ಜಗಳ ಅಲ್ಲ. ನಮ್ಮ ಜಿಲ್ಲೆಯ ಒಕ್ಕಲಿನವರು ಆ ಅಂಗಳದಲ್ಲಿ ನೆಟ್ಟಗೆ ನಿಲ್ಲುವುದಕ್ಕೇ ದೊಡ್ಡ ಹೋರಾಟ ಮಾಡಬೇಕಾಯಿತು. ದಿನಕರ ದೇಸಾಯರು ಅಂಕೋಲೆ ಕಡೆಯ ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದರು. ಚುಟುಕ ಬರೆದವರು ಅಂತಷ್ಟೇ ಈಗಿನ ಮಕ್ಕಳಿಗೆ ಗೊತ್ತು, ಅದು ನನಗೆ ಬೇಸರ. ಕಡೆಗೆ ದೇವರಾಜ ಅರಸು ಕಾಲದ ಭೂ ಸುಧಾರಣೆ ಕಾಯ್ದೆ ತಿದ್ದುಪಡಿ ಬಂದು, 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವರು ಡಿಕ್ಲರೇಷನ್ ಕೊಟ್ಟು, ಭೂ ನ್ಯಾಯಮಂಡಳಿ ಮುಂದೆ ನಿಂತು ಗದ್ದೆ ಹೆಸರಿಗೆ ಮಾಡಿಸಿಕೊಂಡರು. ಅಲ್ಲಿ ಹೋಗಿ ಸಾಕ್ಷಿ ಹೇಳುವುದಕ್ಕೂ ಎಷ್ಟೋ ಜನ ಹೆದರಿದ್ದರು, ಒಡೇರ ಎದುರು ಮಾತಾಡಿ ಅಭ್ಯಾಸವೇ ಇರಲಿಲ್ಲ ಅಂತ ನಮ್ಮ ಕಡೆಯ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಆದ್ದರಿಂದ ಸರ್ವೈಲ್ ಅನ್ನುವ ಪದ ಗಟ್ಟಿಯಾಗಿ ಇರಲಿ. ಓದುವವರಿಗೆ ಚುಚ್ಚಲಿ.

ಮೈ ಬಗ್ಗಿಸುವ ಪದಗಳ ಬಗ್ಗೆ ನನಗೆ ಗೊತ್ತಿರುವುದನ್ನೂ ಹೇಳಿಬಿಡುತ್ತೇನೆ, ಅಕ್ಕನಿಗೆ ಬೇರೆ ಕಡೆ ಬೇಕಾಗಬಹುದು. ಗ್ರಾವೆಲ್ ಅಂದರೆ ಬಗ್ಗುವುದಲ್ಲ, ನೆಲಕ್ಕೆ ಮುಖ ಹಚ್ಚಿ ಬೀಳುವುದು. ಹಳೇ ನಾರ್ಸ್ ಭಾಷೆಯ ‘ಮುಖ ಅಡಿಯಾಗಿ’ ಅನ್ನುವ ಮಾತಿನಿಂದ ಬಂದದ್ದು. ಕ್ಷಮೆಗೋ ಕೆಲಸ ಉಳಿಸಿಕೊಳ್ಳುವುದಕ್ಕೋ ಕಾಲು ಹಿಡಿದು ಗೋಗರೆಯುವುದಕ್ಕೆ ಹೇಳುತ್ತಾರೆ. ಫಾನ್ ಅಂದರೆ ನಾಯಿ ಬಾಲ ಅಲ್ಲಾಡಿಸಿಕೊಂಡು ಮೈ ಮೇಲೆ ಬೀಳುವುದು. ಹಳೇ ಇಂಗ್ಲಿಷಿನಲ್ಲಿ ಅದಕ್ಕೆ ಖುಷಿಪಡು ಅನ್ನುವ ಅರ್ಥವೇ ಇತ್ತು. ಜಿಂಕೆ ಮರಿಗೆ ಹೇಳುವ ಫಾನ್ ಬೇರೆ, ಅದು ಫ್ರೆಂಚಿನಿಂದ ಬಂದದ್ದು. ನಮ್ಮ ಬಾಲಬಡುಕ ಇದ್ದಾನಲ್ಲ, ಅವನೇ ಫಾನಿಂಗ್. ಕ್ರಿಂಜ್ ಅಂದರೆ ಏಟು ಬೀಳುತ್ತದೆ ಅಂತ ಮೈ ಮುದುಡುವುದು. ಈಗ ಕಾಲೇಜು ಹುಡುಗರು ನೋಡಲು ಮುಜುಗರ ಆಗುವ ವಿಡಿಯೊಗೆಲ್ಲ ಕ್ರಿಂಜ್ ಅನ್ನುತ್ತಾರೆ, ಹಾಗಾಗಿ ಸೆಮಿನಾರಿನಲ್ಲಿ ಆ ಪದ ಬಳಸಬೇಡಿ.

ಕೌಟೌ ಚೀನಾದ್ದು. ಹಣೆ ನೆಲಕ್ಕೆ ತಾಗಿಸುವುದು ಅಂತ ಅರ್ಥ. ಚಕ್ರವರ್ತಿಯ ಎದುರು ಮೂರು ಸಲ ಮಂಡಿಯೂರಿ, ಒಂಬತ್ತು ಸಲ ಹಣೆ ತಾಗಿಸಬೇಕಿತ್ತು. 1793ರಲ್ಲಿ ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ವ್ಯಾಪಾರದ ಒಪ್ಪಂದ ಕೇಳಲು ಹೋದಾಗ ಅದನ್ನು ಮಾಡುವುದಿಲ್ಲ ಅಂದ. ನಮ್ಮ ರಾಜನಿಗೆ ಹೇಗೆ ಒಂದು ಮಂಡಿಯೂರುತ್ತೇನೋ ಹಾಗೇ ಮಾಡುತ್ತೇನೆ ಅಂದ. ಒಪ್ಪಂದವೂ ಸಿಗಲಿಲ್ಲ. ತಾವು ಇನ್ನೊಬ್ಬರಿಗೆ ಹಣೆ ಹಚ್ಚುವುದಿಲ್ಲ ಅಂದವರು ಇಲ್ಲಿ ನಮ್ಮವರಿಂದ ಎಷ್ಟು ಸಲಾಮು ಹೊಡೆಸಿಕೊಂಡರು ಅನ್ನುವುದನ್ನು ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಕುಮಟೆ ಅರ್ಜಿ ಬರಹ

ನಾನು ಕಚೇರಿ ಎದುರು ಟೈಪ್ ಮಾಡಿಕೊಡುವವನು. ನಮ್ಮ ತಂದೆಯೂ ಅದೇ ಕೆಲಸ ಮಾಡುತ್ತಿದ್ದರು. ಆ ಹೆಬ್ಬೆಟ್ಟಿನ ಅರ್ಜಿ ಬಗ್ಗೆ ಮಾತ್ರ ಹೇಳುತ್ತೇನೆ, ಅದು ನನ್ನ ಕಸುಬು.

ತಂಗಿ, ಅದರಿಂದ ಮುತ್ತಜ್ಜನ ಮನಸ್ಸನ್ನು ದಯವಿಟ್ಟು ಓದಬೇಡಿ. ‘ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್’ ಅನ್ನುವುದು ಬ್ರಿಟಿಷ್ ಆಡಳಿತದ ಎಲ್ಲಾ ಕಾಗದದ ಬಾಲ. ಆಗ ಕಾರವಾರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತಲ್ಲ, ಮುಂಬಯಿಯ ದೊಡ್ಡ ಸಾಹೇಬ ಇಲ್ಲಿಯ ಕಲೆಕ್ಟರನಿಗೆ ಬರೆದರೂ ಕೊನೆಗೆ ‘ಐ ಹ್ಯಾವ್ ದಿ ಆನರ್ ಟು ಬಿ, ಸರ್, ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್’ ಅಂತಲೇ ಬರೆಯುವ ರೂಢಿ. ಮೇಲಿನವ ಕೆಳಗಿನವನಿಗೆ, ಕೆಳಗಿನವ ಮೇಲಿನವನಿಗೆ, ಎರಡೂ ಕಡೆ ಒಂದೇ ಸಾಲು. ಅದರಲ್ಲಿ ಯಾರೂ ಯಾರ ಸೇವಕರೂ ಅಲ್ಲ.

ಎರಡನೆಯದು, ಅದನ್ನು ಬರೆದದ್ದು ಮುತ್ತಜ್ಜ ಅಲ್ಲವೇ ಅಲ್ಲ. ನಮ್ಮಂಥ ಒಬ್ಬ ಬರೆದಿದ್ದಾನೆ. ಅರ್ಜಿದಾರ ಬಂದು ಕೂತು ತನ್ನ ಕಷ್ಟ ಹೇಳಿಕೊಳ್ಳುತ್ತಾನೆ, ಬಹಳ ಸಲ ಸಿಟ್ಟಿನಲ್ಲೇ ಹೇಳುತ್ತಾನೆ. ಬರೆಯುವವನು ಅದನ್ನು ‘ಐ ಬೆಗ್ ಟು ಸ್ಟೇಟ್’, ‘ಮೋಸ್ಟ್ ಹಂಬ್ಲಿ’ ಅಂತ ಕಚೇರಿಯ ಭಾಷೆಗೆ ಹಾಕುತ್ತಾನೆ. ನಾನೂ ದಿನಾ ಹಾಕುತ್ತೇನೆ. ಮೊನ್ನೆ ಒಬ್ಬ ಮುದುಕಿ ವೃದ್ಧಾಪ್ಯ ವೇತನ ನಿಂತಿದೆ ಅಂತ ಬಂದು, ಕಚೇರಿಯವರಿಗೆ ಕೇಳಿಸುವ ಹಾಗೆ ಬೈಯುತ್ತಲೇ ಅರ್ಜಿ ಹೇಳಿದರು. ಕಾಗದದಲ್ಲಿ ಇಳಿದದ್ದು ‘ತಮ್ಮಲ್ಲಿ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ’ ಅಂತ. ಐವತ್ತು ವರ್ಷದ ನಂತರ ಅದನ್ನು ಓದಿದವರು ಆಯಮ್ಮನನ್ನು ಅಂಜುಬುರುಕಿ ಅಂದುಕೊಂಡರೆ ನನಗೆ ಸಂಕಟ ಆಗುತ್ತದೆ.

ನೀವು ನೋಡಬೇಕಾದದ್ದು ಕೊನೆಯ ಸಾಲಲ್ಲ, ನಡುವಿನ ಸಾಲು. ಅರ್ಜಿಯಲ್ಲಿ ಏನು ಕೇಳಿದ್ದಾರೆ? ಒಡೇರ ಮೇಲೆ ದೂರು ಇದೆಯಾ? ಇದ್ದರೆ ಬಾಲದಲ್ಲಿ ಏನಿದ್ದರೂ ಅದು ಧೈರ್ಯದ ಕಾಗದ.

ಅಂಕೋಲೆ ಓದುಗಿ

ಅಣ್ಣ, ನೀವು ಹೇಳಿದ ಮೇಲೆ ಮತ್ತೆ ತೆಗೆದು ಓದಿದೆ. ದೂರು ಇದೆ. ಅಳೆಯುವ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು, ಬಂದು ಪರೀಕ್ಷೆ ಮಾಡಿ ಅಂತ ಕೇಳಿದ್ದಾರೆ. ನಾನು ಇಷ್ಟು ದಿನ ಕೆಳಗಿನ ಹೆಬ್ಬೆಟ್ಟನ್ನೇ ನೋಡುತ್ತಿದ್ದೆ. ಅಂಗಳದಲ್ಲಿ ಬಾಯಿ ಬಿಡದವರು ಕಾರವಾರದ ತನಕ ಕಾಗದ ಕಳಿಸಿದ್ದಾರೆ.

ಅಘನಾಶಿನಿಯವರು ಹೇಳಿದ್ದೂ ನನ್ನ ಮನಸ್ಸಿನಲ್ಲಿ ಕೂತಿದೆ. ಅದು ಗೌರವ ಅಲ್ಲ, ಹೆದರಿಕೆಯೇ. ಆದರೂ ಸರ್ವೈಲ್ ಅಂತ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಇಂಥ ಅರ್ಜಿ ಹಾಕಿದವರಿಗೆ ಆ ಪದ ಹೇಗೆ ಹಾಕಲಿ?

ಕಾಳಿ ದಂಡೆ

ಅಘನಾಶಿನಿಯವರೆ, ಡೆಫರೆನ್ಷಿಯಲ್ ಇಲ್ಲಿ ಕಡಿಮೆಯಾಯಿತು ಅನ್ನುವುದು ನ್ಯಾಯವಾದ ಮಾತು. ಆದರೆ ಸರ್ವೈಲ್ ಬೇಡ ಅನ್ನುವುದನ್ನು ನಾನು ಬಿಡುವುದಿಲ್ಲ. ಇಬ್ಬರ ಮಾತಿಗೂ ಇಂಗ್ಲಿಷಿನಲ್ಲೇ ಜಾಗ ಇದೆ.

ಸರ್ವುಸ್ ಅನ್ನುವ ಅದೇ ಬೇರಿನಿಂದ ಎರಡು ನಾಮಪದ ಬಂದಿವೆ. ಒಂದು ಸರ್ವಿಲಿಟಿ, ಇನ್ನೊಂದು ಸರ್ವಿಟ್ಯೂಡ್. ಸರ್ವಿಲಿಟಿ ಮನುಷ್ಯನ ಸ್ವಭಾವ. ಸರ್ವಿಟ್ಯೂಡ್ ಮನುಷ್ಯನ ಸ್ಥಿತಿ, ಅವನ ಮೇಲೆ ಬೇರೆಯವರು ಹೇರಿದ್ದು. ಸರ್ವಿಟ್ಯೂಡ್‌ನಲ್ಲಿ ಇದ್ದವನಿಗೆ ಸರ್ವಿಲಿಟಿ ಇರಲೇಬೇಕು ಅಂತಿಲ್ಲ. ಕಾರಭಾರಿಯಂಥವನಿಗೆ ಸರ್ವಿಟ್ಯೂಡ್ ಅಷ್ಟು ಇಲ್ಲದಿದ್ದರೂ ಸರ್ವಿಲಿಟಿ ಧಾರಾಳವಾಗಿ ಇರಬಹುದು. ನಿಮ್ಮ ಪ್ರಬಂಧದ ಅಂಗಳದಲ್ಲಿ ಆ ಎರಡು ಪದಗಳೇ ಎದುರುಬದುರು ನಿಂತಿವೆ. ಒಂದು ಜಗಲಿ ಕೆಳಗೆ, ಒಂದು ಮೆಟ್ಟಿಲ ಮೇಲೆ.

ಮುತ್ತಜ್ಜನಿಗೆ ಗುಣವಾಚಕವೇ ಬೇಡ ಅನ್ನಿಸುತ್ತದೆ. ಅವರು ಏನು ಮಾಡಿದರು ಅನ್ನುವುದನ್ನು ಅಜ್ಜಿ ಹೇಳಿದ ಹಾಗೇ ಬರೆಯಿರಿ. ವಸ್ತ್ರ ತೆಗೆದರು, ನಿಂತರು, ಬಾಯಿ ಬಿಡಲಿಲ್ಲ, ಬೆರಳಲ್ಲಿ ಲೆಕ್ಕ ಹಿಡಿದರು. ಒಂದು ಪದ ಬೇಕೇ ಬೇಕು ಅಂದರೆ ಗೇಣಿಯ ಪದ್ಧತಿಗೆ ಸರ್ವಿಟ್ಯೂಡ್ ಅನ್ನಿ, ಮನುಷ್ಯನಿಗೆ ಅಂಟಿಸಬೇಡಿ.

ಅಘನಾಶಿನಿ

ಇದಾದರೆ ಒಪ್ಪಿದೆ ಮಾಸ್ತರ್ರೆ. ನನಗೆ ಬೇಕಾಗಿದ್ದದ್ದೂ ಅದೇ. ಪದ್ಧತಿಯನ್ನು ಮೆತ್ತಗೆ ಮಾಡಿ ಬರೆಯಬಾರದು ಅಷ್ಟೇ.

ಹೊನ್ನಾವರದ ತಾಳಮದ್ದಳೆ

ಕಾರಭಾರಿಗೆ ಟೋಡಿ ಅನ್ನುವುದನ್ನೂ ಯೋಚಿಸಿ. ಸಿಕಫಂಟಿಗಿಂತ ಚಿಕ್ಕ ಪದ, ಏಟು ಜೋರು.

ಟೋಡ್ ಅಂದರೆ ನೆಲಗಪ್ಪೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಸಂತೆಯಲ್ಲಿ ಮದ್ದು ಮಾರುವ ನಕಲಿ ವೈದ್ಯರು ಒಬ್ಬ ಸಹಾಯಕನನ್ನು ಇಟ್ಟುಕೊಳ್ಳುತ್ತಿದ್ದರು. ನೆಲಗಪ್ಪೆ ವಿಷ ಅಂತ ಜನ ನಂಬಿದ್ದ ಕಾಲ ಅದು. ಈ ಸಹಾಯಕ ಜನರ ಎದುರು ಕಪ್ಪೆ ತಿನ್ನಬೇಕು, ಇಲ್ಲವೇ ತಿಂದ ಹಾಗೆ ಮಾಡಬೇಕು. ಆಮೇಲೆ ಯಜಮಾನ ತನ್ನ ಮದ್ದು ಕೊಟ್ಟು ಅವನನ್ನು ‘ಉಳಿಸಬೇಕು’. ಅವನಿಗೆ ಟೋಡ್-ಈಟರ್ ಅಂತ ಹೆಸರು. ಯಜಮಾನನ ವ್ಯಾಪಾರಕ್ಕೋಸ್ಕರ ಏನನ್ನು ಬೇಕಾದರೂ ನುಂಗುವವನು ಅನ್ನುವ ಅರ್ಥ ಅಲ್ಲಿಂದ ಬಂತು, 19ನೇ ಶತಮಾನಕ್ಕೆ ಅದು ಟೋಡಿ ಆಯಿತು. ಒಳ್ಳೇ ಭತ್ತವನ್ನು ಊದಿ ಜೊಳ್ಳು ಅಂದವನು ಇವನೇ ಅಲ್ವಾ?

ಈ ಪದ ನಮ್ಮ ದೇಶಕ್ಕೂ ಚೆನ್ನಾಗಿ ಗೊತ್ತಿತ್ತು. ಸ್ವಾತಂತ್ರ್ಯ ಚಳವಳಿಯಲ್ಲಿ ಬ್ರಿಟಿಷರ ಪರ ನಿಂತವರನ್ನು ಕಂಡರೆ ಉತ್ತರ ಭಾರತದ ಕಡೆ ‘ಟೋಡಿ ಬಚ್ಚಾ ಹಾಯ್ ಹಾಯ್’ ಅಂತ ಕೂಗುತ್ತಿದ್ದರು. ರಾವ್ ಬಹಾದ್ದೂರ್, ಖಾನ್ ಬಹಾದ್ದೂರ್ ಅಂತ ಬಿರುದು ಹಂಚುತ್ತಿದ್ದ ಕಾಲ. 1920ರಲ್ಲಿ ಅಸಹಕಾರ ಚಳವಳಿ ಶುರುವಾದಾಗ ಗಾಂಧೀಜಿ ಆ ಬಿರುದುಗಳನ್ನು ವಾಪಸ್ ಕೊಡಿ ಅಂದರು. ಅದಕ್ಕೂ ಮೊದಲೇ, 1919ರಲ್ಲಿ, ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ಆದ ಮೇಲೆ ರವೀಂದ್ರನಾಥ ಟಾಗೋರರು ತಮ್ಮ ಸರ್ ಪದವಿ ಬೇಡ ಅಂತ ವೈಸರಾಯಿಗೆ ಬರೆದರು. ಕಾರವಾರದ ಕಡಲತೀರಕ್ಕೆ ಅವರ ಹೆಸರು ಸುಮ್ನೆ ಬಂದದ್ದಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಹರೆಯದ ರವೀಂದ್ರರು ಬಂದು ಉಳಿದಿದ್ದರು. ಸೆಮಿನಾರು ಕಾರವಾರದಲ್ಲೇ ನಡೆಯುವುದಾದರೆ ಈ ಮಾತು ಸೇರಿಸಿ, ಕೇಳುವವರಿಗೆ ಹತ್ತಿರ ಆಗುತ್ತದೆ.

ಲ್ಯಾಕಿ, ಫ್ಲಂಕಿ ಎರಡೂ ಹಿಂದೆ ಸಮವಸ್ತ್ರ ಹಾಕಿದ ಮನೆಯಾಳುಗಳ ಹೆಸರು. ಈಗ ಯಜಮಾನ ಹೇಳಿದ್ದನ್ನು ಪ್ರಶ್ನೆ ಮಾಡದೇ ಮಾಡುವವನು ಅನ್ನುವ ಅರ್ಥ. ಅವುಗಳಲ್ಲಿ ಹೊಗಳಿಕೆ ಇರಲೇಬೇಕು ಅಂತಿಲ್ಲ. ಯೆಸ್-ಮ್ಯಾನ್ ನಮ್ಮ ಹೌದಪ್ಪ. ಹೌದಪ್ಪನ ಚಾವಡಿ ಅನ್ನುತ್ತೇವಲ್ಲ, ಅಲ್ಲಿ ಕೂರುವವನು. ಆಫೀಸಿನಲ್ಲಿ ಬಕೆಟ್ ಹಿಡಿಯುವುದು ಅನ್ನುತ್ತಾರಲ್ಲ, ಅದಕ್ಕೆ ಕರಿ ಫೇವರ್ ಅನ್ನುವ ಮಾತಿದೆ. ಅಲ್ಲಿ ಕರಿ ಅಂದರೆ ಊಟದ ಕರಿ ಅಲ್ಲ, ಕುದುರೆಯ ಮೈ ಉಜ್ಜುವುದು. ಮೊದಲು ಅದು ಕರಿ ಫೇವೆಲ್ ಆಗಿತ್ತು. ಫೊವೆಲ್ ಅನ್ನುವುದು 14ನೇ ಶತಮಾನದ ಒಂದು ಫ್ರೆಂಚ್ ಕಾವ್ಯದ ಕುದುರೆ. ಮೋಸಕ್ಕೆ ಹೆಸರಾದ ಅದರ ಮೈ ಉಜ್ಜಲು ದೊಡ್ಡದೊಡ್ಡವರೇ ಸಾಲು ನಿಲ್ಲುತ್ತಾರೆ. ಜನರ ಬಾಯಲ್ಲಿ ಫೇವೆಲ್ ಹೋಗಿ ಫೇವರ್ ಆಯಿತು.

ನನ್ನ ಒಂದು ಮಾತು. ಇಂಥವನನ್ನು ಬರೆಯುವಾಗ ಒಡೇರನ್ನೂ ಬಿಡಬೇಡಿ. ನಮ್ಮ ತಾಳಮದ್ದಳೆಯಲ್ಲಿ ಮಾರೀಚ ರಾವಣನಿಗೆ ಹೇಳುವ ಮಾತಿದೆ: ಕಿವಿಗೆ ಹಿತವಾಗಿ ಮಾತಾಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಕಹಿಯಾದರೂ ಒಳ್ಳೆಯದನ್ನು ಹೇಳುವವನೂ ಕೇಳುವವನೂ ಸಿಗುವುದು ಕಷ್ಟ. ವಿದುರನೂ ಧೃತರಾಷ್ಟ್ರನಿಗೆ ಇದನ್ನೇ ಹೇಳುತ್ತಾನೆ. ಒಳ್ಳೇ ಅರ್ಥಧಾರಿ ಆ ‘ಕೇಳುವವನೂ’ ಅನ್ನುವ ಜಾಗದಲ್ಲಿ ನಿಂತುಬಿಡುತ್ತಾನೆ, ಅದನ್ನೇ ಕಾಲು ಗಂಟೆ ಬೆಳೆಸುತ್ತಾನೆ. ಕೇಳುವ ಕಿವಿ ಇದ್ದರೆ ಮಾತ್ರ ಹೊಗಳುಭಟ್ಟ ಬದುಕುತ್ತಾನೆ. ಇಂಗ್ಲಿಷಿನ ಇಷ್ಟೊಂದು ಪದಗಳಲ್ಲಿ ಹೊಗಳುವವನಿಗೆ ಬೈಗುಳ ರಾಶಿ ಇದೆ, ಹೊಗಳಿಸಿಕೊಂಡು ಕೂತವನಿಗೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಕಾರಭಾರಿ ಎರಡು ಕೊಳಗ ಜಾಸ್ತಿ ಹಾಕಿಸಿದ್ದು ಯಾರ ಕಣಜಕ್ಕೆ ಅನ್ನುವುದನ್ನು ಒಂದು ಸಾಲಿನಲ್ಲಾದರೂ ಬರೆಯಿರಿ.

ಅಂಕೋಲೆ ಓದುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಆ ಪುಟ ಪೂರಾ ಹೊಸದಾಗಿ ಬರೆದೆ. ಮುತ್ತಜ್ಜನಿಗೆ ಒಂದೂ ಗುಣವಾಚಕ ಹಾಕಲಿಲ್ಲ. ಗೇಣಿಗೆ ಸರ್ವಿಟ್ಯೂಡ್ ಅಂತ ಬರೆದೆ. ಕಾರಭಾರಿಗೆ ಟೋಡಿ ಅಂತ ಇಟ್ಟುಕೊಂಡೆ, ಸಿಕಫಂಟ್ ಮುಂದಿನ ಪುಟದಲ್ಲಿ ಒಂದು ಸಲ ಬರುತ್ತದೆ. ಜಾಸ್ತಿ ಅಳೆದ ಭತ್ತ ಒಡೇರ ಕಣಜಕ್ಕೇ ಹೋಯಿತು ಅನ್ನುವ ಸಾಲೂ ಬಂತು. ಕೊಳಗದ ಅರ್ಜಿಯನ್ನು ಅದರ ಪಕ್ಕದಲ್ಲೇ ಇಟ್ಟಿದ್ದೇನೆ, ಕೊನೆಯ ‘ಸರ್ವೆಂಟ್’ ಆ ಕಾಲದ ರೂಢಿ ಅಂತ ಕೆಳಗೆ ಅಡಿಟಿಪ್ಪಣಿ ಕೊಟ್ಟಿದ್ದೇನೆ. ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿದೆ. ‘ಕಾರಭಾರಿ ಕೊನೆಕೊನೆಗೆ ನಮ್ಮ ಮನೆಗೇ ಭತ್ತ ಕೇಳಿಕೊಂಡು ಬರುತ್ತಿದ್ದ, ಅದನ್ನು ಬರೆದಿಲ್ಲವಾ?’ ಅಂತ ಕೇಳಿದರು. ಅದನ್ನೂ ಸೇರಿಸಬೇಕು.

ಇನ್ನು ಒಂದೇ ಸಂದೇಹ. ಇವನ್ನೆಲ್ಲ ಜೋರಾಗಿ ಓದುವಾಗ ಹೇಗೆ ಉಚ್ಚರಿಸಬೇಕು ಮಾಸ್ತರ್ರೆ?

ಕಾಳಿ ದಂಡೆ

ಸಿಕಫಂಟ್: ಒತ್ತು ಮೊದಲಿಗೆ, ಸಿ ಮೇಲೆ. ‘ಸೈಕೊ’ ಅಂತ ಬಹಳ ಜನ ಶುರು ಮಾಡುತ್ತಾರೆ, ಹಾಗಲ್ಲ. ಅಬ್ಸೀಕ್ವಿಯಸ್ ಬಳಸುವುದಾದರೆ ಒತ್ತು ಸೀ ಮೇಲೆ. ಸರ್ವಿಟ್ಯೂಡ್‌ಗೆ ಮತ್ತೆ ಮೊದಲ ಅಕ್ಷರದ ಮೇಲೆ. ಸರ್ವಿಲಿಟಿಯಲ್ಲಿ ಮಾತ್ರ ಒತ್ತು ನಡುವಿನ ವಿ ಮೇಲೆ ಬೀಳುತ್ತದೆ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಓದುವಾಗ ಸ್ವಲ್ಪ ನಿಧಾನ ಮಾಡಿ, ಇಲ್ಲದಿದ್ದರೆ ಕೇಳುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಟೋಡಿಯಲ್ಲಿ ಟೋ ಉದ್ದ ಇರಲಿ. ಗಿಡ್ಡ ಮಾಡಿದರೆ ಟಾಡಿ ಆಗುತ್ತದೆ, ಅದು ನಮ್ಮ ಕಡೆಯ ಕಳ್ಳು. ಕರಾವಳಿಯ ಸಭೆಯಲ್ಲಿ ಎಲ್ಲರ ತಲೆಗೂ ಮೊದಲು ಅದೇ ಬರುತ್ತದೆ. ಅಜ್ಜಿ ಹೇಳಿದ ಆ ಸಾಲು ಮರೆಯಬೇಡಿ. ಸೆಮಿನಾರು ಯಾವತ್ತು, ಎಷ್ಟು ಗಂಟೆಗೆ ಅಂತ ಇಲ್ಲೇ ಹಾಕಿ. ಸದಾಶಿವಗಡದಿಂದ ನಾನು ಬರುತ್ತೇನೆ, ನಮ್ಮ ಮೊಮ್ಮಗಳನ್ನೂ ಕರೆದುಕೊಂಡು ಬರುತ್ತೇನೆ.